ಒಂದೇ ಅಡ್ಡಹೆಸರಿನ ಎರಡು ಮನೆ

ನಮ್ಮ ಅಡ್ಡಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದೂ ಉಪಯೋಗವಿಲ್ಲ. ಕುಮಟೆಯಿಂದ ಭಟ್ಕಳದವರೆಗೆ ಕಡಲ ಬದಿಯಲ್ಲಿ ಕಣ್ಣುಮುಚ್ಚಿ ಒಂದು ಕಲ್ಲು ಒಗೆದರೆ ಅದು ನಮ್ಮ ಅಡ್ಡಹೆಸರಿನ ಯಾರಾದರೊಬ್ಬರ ಮಾಡಿನ ಮೇಲೇ ಬೀಳುತ್ತದೆ. ನಾನು ಗುಮಾಸ್ತೆಯಾಗಿರುವ ಹೈಸ್ಕೂಲಿನಲ್ಲಿ ಹಾಜರಿ ಕೂಗುವಾಗ ಮಾಸ್ತರರು ಅಡ್ಡಹೆಸರು ಹೇಳುವ ಗೋಜಿಗೇ ಹೋಗುವುದಿಲ್ಲ. ಹೇಳಿದರೆ ಅರ್ಧ ಕ್ಲಾಸು ಎದ್ದು ನಿಲ್ಲುತ್ತದೆ. ಇಂಥ ಹೆಸರಿನ ಬೆನ್ನು ಹತ್ತಿ, ಹಳೇ ದಾಖಲೆ ಹುಡುಕುತ್ತ ಮೂರು ತಾಲೂಕು ಅಲೆದವಳು ನಾನು. ಯಾರಾದರೂ ಹಾಗೆ ಹೊರಡುವ ಯೋಚನೆಯಲ್ಲಿದ್ದರೆ ಈಗಲೇ ಹೇಳಿಬಿಡುತ್ತೇನೆ: ಮನೆಯಲ್ಲೇ ಕೂತು ಹಪ್ಪಳ ಒತ್ತಿ. ಕೊನೆಗೆ ಕೈಯಲ್ಲಿ ಹಪ್ಪಳವಾದರೂ ಇರುತ್ತದೆ.

ನಾನು ಹೊರಟದ್ದು ಶೋಕಿಗಲ್ಲ, ಮಗಳ ಮದುವೆಗೆ.

ಮಗಳಿಗೆ ಹೊನ್ನಾವರದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಹುಡುಗನಿಗೂ ಹೊನ್ನಾವರದಲ್ಲೇ, ಬ್ಯಾಂಕಿನಲ್ಲಿ. ಇವಳು ಕುಮಟೆಯಿಂದ ತೆಂಕಕ್ಕೆ ಬಸ್ಸು ಹಿಡಿಯುವವಳು, ಅವನು ಭಟ್ಕಳದ ಬದಿಯ ಬೆಳಕೆಯಿಂದ ಬಡಗಕ್ಕೆ ಬರುವವನು. ಮಧ್ಯಾಹ್ನದ ಊಟದ ಹೋಟೆಲು ಒಂದೇ. ಅಲ್ಲಿಗೆ ಕತೆ ಮುಗಿಯಿತಲ್ಲ, ಇನ್ನೇನು ವಿವರಿಸುವುದು! ಹುಡುಗನನ್ನು ನೋಡಿದೆ. ಮಾತು ಕಡಿಮೆ, ನಡತೆ ಚೆನ್ನ, ನಮ್ಮದೇ ಜಾತಿ. ನನಗೆ ಒಪ್ಪಿಗೆಯಾಯಿತು. ಖುಷಿಯಿಂದಲೇ ಗಂಡನ ಊರಾದ ಬಾಡಕ್ಕೆ ಹೋಗಿ ಭಾವನವರಿಗೆ ಸುದ್ದಿ ಹೇಳಿದೆ.

ಭಾವ ಎಂದರೆ ನನ್ನ ಗಂಡನ ಅಣ್ಣ. ಆಯುಷ್ಯವೆಲ್ಲ ದೋಣಿಯ ಮೇಲೆ ಕಳೆದವರು, ಈಗ ಮೊಣಕಾಲು ನೋವೆಂದು ಮನೆಯಲ್ಲಿರುವವರು. ನನ್ನ ಗಂಡ ಎದೆನೋವು ಬಂದು ತೀರಿಕೊಂಡಾಗ ಮಗಳು ಇನ್ನೂ ಬಾಲವಾಡಿಗೆ ಹೋಗುತ್ತಿದ್ದಳು. ಅವಳ ಕಿವಿ ಚುಚ್ಚಿಸಿದ್ದು, ಸೈಕಲ್ ಕಲಿಸಿದ್ದು, ಪಿಯುಸಿಯಲ್ಲಿ ಒಂದು ವಿಷಯ ಹೋದಾಗ ನನ್ನ ಬೈಗುಳಕ್ಕೆ ಅಡ್ಡ ನಿಂತದ್ದು ಎಲ್ಲ ಅವರೇ. ಅಂಥವರು ಹುಡುಗನ ಊರು, ಅಡ್ಡಹೆಸರು ಕೇಳಿದ್ದೇ ಎಲೆಅಡಿಕೆಯ ಬಟ್ಟಲು ಆಚೆ ಸರಿಸಿದರು.

"ಹುಡ್ಗ ಒಳ್ಳೇವ್ನೇ ಇರ್ಲಿ ತಂಗಿ. ಆದ್ರೆ ಬೆಳಕೆ ಅಂದ್ರೆ, ಅದೇ ಅಡ್ಡೆಸ್ರು ಅಂದ್ರೆ, ಅವ್ರು ನಮ್ಮೋರೇ."

"ಅಡ್ಡೆಸ್ರು ಒಂದೇ ಆದ್ರೆ ಎಂತ ಆತು ಭಾವ? ಮದ್ವೆ ಮುಂಚೆ ನಂದೂ ಇದೇ ಅಡ್ಡೆಸ್ರು ಇತ್ತಲ್ಲ?"

"ಅದು ಬೇರೆ. ನಮ್ಮ ಅಜ್ಜನ ತಮ್ಮ ದೋಣಿ ಪಾಲಿಗೆ ಜಗಳ ಮಾಡ್ಕಂಡು, ಹೆಂಡ್ತಿ ಕರ್ಕಂಡು ತೆಂಕು ಹೋದ. ಬೆಳಕೆ ಬದಿಗೇ ಹೋಗಿದ್ದು ಅಂತ ಅಜ್ಜ ಹೇಳ್ತಿದ್ದ. ಇವ್ರು ಅವ್ನ ಸಂತಾನ. ಅಣ್ಣ-ತಂಗಿ ಆತು ಲೆಕ್ಕಕ್ಕೆ. ಧಾರೆ ಎರೂಕೆ ನನ್ನ ಕೈ ಏಳೂದಿಲ್ಲ."

"ಅವ್ನ ಸಂತಾನ ಅಂತ ಯಾರು ಹೇಳಿದ್ರು?"

"ಅಲ್ಲ ಅಂತ ಯಾರು ಹೇಳಿದ್ರು? ನೀ ಆಫೀಸಿನಲ್ಲಿ ಇದ್ದವ್ಳು. ಅಲ್ಲ ಅಂತ ಕಾಗ್ದ ತೋರ್ಸು, ನಾಳೆನೇ ಎರೀತೆ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವರಲ್ಲ ನಮ್ಮ ಭಾವ. ಅದಕ್ಕೇ ಇನ್ನೂ ಸಿಟ್ಟು ಬಂತು. ಮನೆಗೆ ಬಂದು ಮಗಳಿಗೆ, "ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಸಹಿ ಹಾಕಿ ಬನ್ನಿ, ನಾನೇ ಸಾಕ್ಷಿ ಹಾಕ್ತೆ" ಎಂದೆ. ಅವಳು ಪಾತ್ರೆ ತಿಕ್ಕುತ್ತಿದ್ದವಳು ನಿಲ್ಲಿಸಿ, "ದೊಡ್ಡಪ್ಪ ಧಾರೆ ಎರೆಯೂದಿಲ್ಲ ಅಂದ್ರೆ ನಂಗೆ ಈ ಮದ್ವೆ ಬೇಡ ಅಮ್ಮ" ಎಂದಳು. ಅಳಲಿಲ್ಲ, ಕೂಗಾಡಲಿಲ್ಲ. ಹಾಗೆ ಹೇಳಿದ್ದರಿಂದಲೇ ನನಗೆ ಹೆದರಿಕೆಯಾಯಿತು. ಈ ಹುಡುಗಿ ನನ್ನ ಮಗಳು, ಬೇಡ ಎಂದರೆ ಬೇಡವೇ.

ಆತು, ಕಾಗದ ತಾನೆ, ತರುತ್ತೇನೆ ಎಂದುಕೊಂಡೆ. ನಾನು ದಿನಾ ಬೆಳಗಾದರೆ ಜನರಿಗೆ ದಾಖಲಾತಿಯ ನಕಲು ಬರೆದು ಕೊಡುವವಳು. ಕಾಗದದ ಊರಿನಲ್ಲಿ ನನಗೆ ದಾರಿ ತಪ್ಪುತ್ತದೆಯೇ ಎಂಬ ಸೊಕ್ಕು ಇತ್ತು. ಅದು ಇಳಿಯಲು ಬಹಳ ಹೊತ್ತು ಬೇಕಾಗಲಿಲ್ಲ.

ಮೊದಲು ಕುಮಟೆ. ಯಾವ ಕಚೇರಿ ಎಂದು ಹೇಳಿ ಯಾರ ಬಾಯಿಗೂ ಬೀಳಲಾರೆ. ಹಳೇ ಕಡತದ ಕೋಣೆಯ ಬೀಗದ ಕೈ ಇದ್ದವರು ರಜೆಯಲ್ಲಿದ್ದರು. ಅವರು ಬಂದಾಗ ಅರ್ಜಿಯ ನಮೂನೆ ಮುಗಿದಿತ್ತು. ನಮೂನೆ ಬಂದಾಗ ಕರೆಂಟು ಇರಲಿಲ್ಲ. ಅಂತೂ ಒಳಗೆ ಬಿಟ್ಟರು. ಅಲ್ಲಿನ ಗುಮಾಸ್ತರು, ಶಾಲೆಯವಳೆಂದು ಗೊತ್ತಾಗಿ ಮರ್ಯಾದೆಯಿಂದಲೇ, "ಇಸವಿ ಹೇಳಿ ಅಕ್ಕೋರೆ" ಎಂದರು.

"ಇಸವಿ ಗೊತ್ತಿದ್ರೆ ನಾ ಇಲ್ಲಿಗೆ ಎಂತಕೆ ಬರ್ತಿದ್ದೆ?"

"ಸರ್ವೆ ನಂಬರಾದ್ರೂ?"

"ದೋಣಿಗೆ ಸರ್ವೆ ನಂಬರು ಇರ್ತದಾ?"

ಅವರು ನಕ್ಕರು, ಪಾಪ. ಕಟ್ಟು ಬಿಚ್ಚಿ ಮುಂದೆ ಹಾಕಿದರು. ಮುಟ್ಟಿದರೆ ಪುಡಿಯಾಗುವ ಹಾಳೆಗಳು. ಮೋಡಿ ಬರಹದಲ್ಲಿ ಒಂದಕ್ಷರಕ್ಕೆ ಇನ್ನೊಂದು ಅಂಟಿಕೊಂಡಿತ್ತು. ಮೂಗಿಗೆ ಸೆರಗು ಕಟ್ಟಿಕೊಂಡು ಅಡ್ಡಹೆಸರು ಹುಡುಕತೊಡಗಿದೆ. ಹೊಸ ಪುಸ್ತಕಗಳಲ್ಲಿ ಎಲ್ಲಿ ನೋಡಿದರೂ ನಮ್ಮದೇ ಅಡ್ಡಹೆಸರು. ಇಷ್ಟೊಂದು ಜನ ಎಲ್ಲಿದ್ದರೋ, ಎಲ್ಲರೂ ಹುಟ್ಟಿದ್ದಾರೆ, ಸತ್ತಿದ್ದಾರೆ, ಜಾಗ ಪಾಲು ಮಾಡಿಕೊಂಡಿದ್ದಾರೆ. ಹಿಂದೆ ಹಿಂದೆ ಹೋದ ಹಾಗೆ ಅಡ್ಡಹೆಸರು ತೆಳ್ಳಗಾಗುತ್ತ ಬಂದು, ಭಾವನ ಅಜ್ಜನ ಕಾಲಕ್ಕೆ ತಲುಪುವಷ್ಟರಲ್ಲಿ ಪೂರ್ತಿ ಮಾಯ. ಅಲ್ಲಿ ಇರುವುದು ಇಂಥವ ಬಿನ್ ಇಂಥವ, ಇಂಥವನ ಮಗ ಇಂಥವ, ಅಷ್ಟೇ. ಯಾವ ಅಡ್ಡಹೆಸರಿನ ಬೆನ್ನು ಹತ್ತಿ ಬಂದಿದ್ದೆನೋ ಅದು ಆ ಕಾಲದಲ್ಲಿ ಹುಟ್ಟಿಯೇ ಇರಲಿಲ್ಲ.

ಸಾಲದ್ದಕ್ಕೆ ನಮ್ಮವರಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಪದ್ಧತಿ. ಹೀಗಾಗಿ ಒಂದು ಹಾಳೆಯಲ್ಲಿ ಅಪ್ಪನಾಗಿದ್ದವನು ಮುಂದಿನ ಪುಸ್ತಕದಲ್ಲಿ ಮಗನಾಗಿ ಬರುತ್ತಾನೆ, ಅದರ ಮುಂದಿನದರಲ್ಲಿ ಮತ್ತೆ ಅಪ್ಪ. ಓಣಿಯ ಎಲ್ಲ ಮನೆಯಲ್ಲೂ ಅವೇ ನಾಲ್ಕಾರು ಹೆಸರು. ಇವನು ಅವನೇ ಇರಬೇಕು ಎಂದು ಬೆರಳಿಟ್ಟರೆ ಅವನ ಪಕ್ಕದಲ್ಲೇ ಇನ್ನೊಬ್ಬ ಅವನೇ ಕೂತಿರುತ್ತಾನೆ. ಒಂದು ಮಧ್ಯಾಹ್ನ ನಾನು ಸತ್ತವರನ್ನೆಲ್ಲ ಜೋರಾಗಿ ಬೈದುಬಿಟ್ಟೆ. "ಬೇರೆ ಹೆಸ್ರು ಸಿಕ್ಕಿದ್ದಿಲ್ವನ್ರೋ ನಿಮ್ಗೆ!" ಗುಮಾಸ್ತರು ಬಾಗಿಲಲ್ಲಿ ಇಣುಕಿ, ಏನೂ ಕೇಳದವರ ಹಾಗೆ ಹೋದರು.

ಕುಮಟೆಯಲ್ಲಿ ಆಗಲಿಲ್ಲ, ಬೆಳಕೆಯ ಕಡೆಯಿಂದಲಾದರೂ ಹಿಡಿಯೋಣವೆಂದು ಹೊನ್ನಾವರಕ್ಕೆ ಹೋದೆ. ಹಿಂದೆ ಭಟ್ಕಳವೂ ಹೊನ್ನಾವರದ ಕೆಳಗೇ ಇತ್ತಂತೆ. "ಹೌದು, ಇತ್ತು. ಬೇರೆ ಆದಾಗ ಕಾಗ್ದ ಎಲ್ಲಾ ಕಟ್ಟಿ ಭಟ್ಕಳಕ್ಕೆ ಕಳ್ಸಿ ಆಯ್ತು" ಎಂದರು ಅಲ್ಲಿಯವರು. ಭಟ್ಕಳಕ್ಕೆ ಹೋದೆ. "ಹೊನ್ನಾವರದಿಂದ ಬಂದೇ ಇಲ್ಲ" ಎಂದರು. ತಿರುಗಿ ಹೊನ್ನಾವರಕ್ಕೆ. "ಕಳ್ಸಿದ್ದಕ್ಕೆ ನಮ್ಮತ್ರ ಸಹಿ ಅದೆ." ತಿರುಗಿ ಭಟ್ಕಳಕ್ಕೆ. "ಯಾರ ಸಹಿ? ಅವ್ರು ತೀರ್ಕಂಡು ಎಷ್ಟು ವರ್ಷ ಆಯ್ತು ಮೇಡಂ." ನನ್ನ ರಜೆಗಳೆಲ್ಲ ಹೀಗೆ ಹೆದ್ದಾರಿಯ ಮೇಲೆ ಮುಗಿದವು. ಬಸ್ಸು ಧಾರೇಶ್ವರ ದಾಟುವಾಗಲೆಲ್ಲ ಕಿಟಕಿಯಿಂದಲೇ ಕೈಮುಗಿಯುತ್ತಿದ್ದೆ. ಕಡೆಕಡೆಗೆ ಅದನ್ನೂ ಬಿಟ್ಟೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಳ್ಳಲ್ಲ.

ಭಟ್ಕಳದ ಕಚೇರಿಯ ಬೆಂಚಿನಲ್ಲಿ ಒಬ್ಬ ನವಾಯತ ಮುಸ್ಲಿಂ ಹಿರಿಯರು ಪರಿಚಯವಾದರು. ಅವರೂ ತಮ್ಮ ಮನೆತನದ ಹೆಸರಿನ ಜಾಗದ ಕಾಗದಕ್ಕೆ ಅಲೆಯುತ್ತಿದ್ದವರು. ನನ್ನ ಕತೆ ಕೇಳಿ ಆಶ್ಚರ್ಯಪಟ್ಟರು. "ನಿಮ್ದು ಮನೇಲಿ ಬರ್ದಿಟ್ಟಿಲ್ವಾ? ನಮ್ದು ಪೂರಾ ಖಾಂದಾನ್ ಬರ್ದು ಗೋಡೆಗೆ ಹಾಕಿದೆ. ಅಜ್ಜನ ಅಜ್ಜನ ಅಜ್ಜ ತನಕ."

"ಮತ್ತೆ ನೀವು ಇಲ್ಲಿ ಎಂತ ಮಾಡ್ತಿದ್ರಿ?"

"ಗೋಡೇದು ಸರ್ಕಾರ ಒಪ್ಪೂದಿಲ್ಲಲ್ಲ ಮೇಡಂ" ಎಂದು ನಿಟ್ಟುಸಿರು ಬಿಟ್ಟು ಎರಡು ಚಹಾ ಹೇಳಿದರು. ಬರೆದಿಟ್ಟವರಿಗೂ ಇದೇ ಬೆಂಚು, ಬರೆಯದವರಿಗೂ ಇದೇ ಬೆಂಚು. ಚಹಾ ಕುಡಿಯುತ್ತ ನನಗೆ ಸ್ವಲ್ಪ ಸಮಾಧಾನವಾಯಿತು.

ಆಮೇಲೆ ಬೆಳಕೆಯ ಹಳೇ ವರ್ಷಗಳದ್ದೆಂದು ಹೇಳಿದ ಒಂದು ಕಟ್ಟು ಸಿಕ್ಕಿತು. ಬಿಚ್ಚಿದರೆ ಒಳಗೆ ಗೆದ್ದಲಿನ ಮಣ್ಣು. ಹೊರಗಿನ ರಟ್ಟು ಮಾತ್ರ ಗಟ್ಟಿಯಾಗಿತ್ತು. ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಅತ್ತೆ. ನಾಚಿಕೆಯೆಲ್ಲ ಯಾವಾಗಲೋ ಹೋಗಿತ್ತು. ಮನೆಯಲ್ಲಿ ಮಗಳು ಕೇಳುವುದನ್ನೂ ಬಿಟ್ಟಿದ್ದಳು. ನಾನು ಬ್ಯಾಗು ಇಳಿಸಿದ ರೀತಿಯಲ್ಲೇ ಅವಳಿಗೆ ಉತ್ತರ ಗೊತ್ತಾಗುತ್ತಿತ್ತು. ಹುಡುಗನ ಮನೆಯವರು ಒಳ್ಳೆಯವರಾದರೂ ಎಷ್ಟು ದಿನ ಕಾಯುತ್ತಾರೆ? ಅವರಿಗೆ ಬೇರೆ ಕಡೆಯಿಂದ ಜಾತಕ ಬರುತ್ತಿದೆ ಎಂದು ಮೂರನೆಯವರು ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು.

ಅವತ್ತು ಬಸ್ಸಿನಲ್ಲಿ ಬರುವಾಗ ತಲೆಗೆ ಹೊಳೆಯಿತು. ಊರೆಲ್ಲ ಹುಡುಕಿದವಳು ನಾನು ದಿನಾ ಬರೆಯುವ ಪುಸ್ತಕವನ್ನೇ ಮರೆತಿದ್ದೆ. ಶಾಲೆಯ ದಾಖಲಾತಿ! ಬೆಳಕೆಯ ಬದಿಯಲ್ಲೂ ಒಂದು ಹಳೇ ಶಾಲೆ ಇದ್ದೇ ಇರಬೇಕಲ್ಲ. ಇತ್ತು. ಅಲ್ಲಿನ ಮುಖ್ಯ ಅಕ್ಕೋರು, ಮೇಲಿನವರ ಪತ್ರ ಇಲ್ಲದೆ ತೋರಿಸುವುದಿಲ್ಲ ಎಂದರು. ನಾನು ಇಪ್ಪತ್ತು ಜನಕ್ಕೆ ದಿನಾ ಅದೇ ಮಾತು ಹೇಳುವವಳು, ಅದಕ್ಕೆ ಏನು ಉತ್ತರ ಕೊಡಬೇಕೆಂದು ನನಗೆ ಗೊತ್ತಿಲ್ಲವೇ? ಪತ್ರ ತಂದೆ, ನಕಲಿನ ಜೊತೆಗೆ.

ಹುಡುಗನ ಮುತ್ತಜ್ಜ ಒಂದನೇ ಇಯತ್ತೆಗೆ ಸೇರಿದ ಸಾಲು ಸಿಕ್ಕಿತು. ಹುಟ್ಟಿದ ಊರಿನ ಅಂಕಣದಲ್ಲಿ ಶಿರೂರಿನ ಆಚೆಯ ಒಂದು ಹಳ್ಳಿಯ ಹೆಸರು. ತಂದೆಯದೂ ಅದೇ ಊರು. ಎಂದರೆ ಅವರು ತೆಂಕಿನಿಂದ ಬೆಳಕೆಗೆ ಬಂದವರು, ನಮ್ಮ ಬಾಡದಿಂದ ಇಳಿದು ಹೋದವರಲ್ಲ. ಇನ್ನೂ ಒಂದಿತ್ತು. ಆ ಪುಟದಲ್ಲಿ ಮೀನುಗಾರರ ಮಕ್ಕಳ ಹೆಸರಿಗೆಲ್ಲ ಒಂದೇ ಶಾಯಿಯಲ್ಲಿ, ಒಂದೇ ಕೈಯಲ್ಲಿ, ಆಮೇಲೆ ಅಡ್ಡಹೆಸರು ಸೇರಿಸಿದ್ದು ಕಾಣುತ್ತಿತ್ತು. ಯಾವನೋ ಮಾಸ್ತರ ಒಂದು ದಿನ ಕೂತು ಇಡೀ ಸಾಲಿಗೆ ನಮ್ಮ ಅಡ್ಡಹೆಸರು ಹಚ್ಚಿಬಿಟ್ಟಿದ್ದ. ಅವನಿಗೆ ಕೈ ಮುಗಿಯಬೇಕೋ ಕೆನ್ನೆಗೆ ಬಾರಿಸಬೇಕೋ ತಿಳಿಯಲಿಲ್ಲ.

ಭಾವ ಚಸ್ಮಾ ಹಾಕಿಕೊಂಡು ಆ ನಕಲನ್ನು ತುಂಬ ಹೊತ್ತು ನೋಡಿದರು. ಬೆಳಕಿಗೆ ಹಿಡಿದು ನೋಡಿದರು. ಸೀಲನ್ನು ಬೆರಳಿನಿಂದ ಉಜ್ಜಿದರು.

"ಹಂಗಾರೆ ಅಜ್ಜನ ತಮ್ಮ ಎಲ್ಲಿ ಹೋದ?"

"ಅವ್ನು ಎಲ್ಲಿಗಾದ್ರೂ ಹೋಗ್ಲಿ ಭಾವ! ಬೆಳಕೆಗೆ ಹೋಗಿಲ್ಲ, ಅಷ್ಟೇ ಸಾಕು ನಂಗೆ."

"ಆತು" ಎಂದರು. ಆ ಒಂದು ಮಾತಿಗೆ ನಾನು ಎಷ್ಟು ಚಪ್ಪಲಿ ಸವೆಸಿದ್ದೆ! ಮಗಳು ಓಡಿ ಬಂದು ದೊಡ್ಡಪ್ಪನ ಕಾಲಿಗೆ ಬಿದ್ದಳು, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡದಿದ್ದರೆ ಬೇಡ. ಅವಳ ಮುಖದಲ್ಲಿ ಮತ್ತೆ ಜೀವ ಬಂದಿತ್ತು.

ಮುಂದಿನ ಭಾನುವಾರ ಮಾತು ಮುಗಿಸಲು ಭಾವನೂ ನಾನೂ ಬೆಳಕೆಗೆ ಹೋದೆವು. ಬರಿಗೈಯಲ್ಲಿ ಹೋಗಬಾರದೆಂದು ಭಾವ ಬೆಳಿಗ್ಗೆಯೇ ದೋಣಿ ಬರುವಲ್ಲಿಗೆ ಹೋಗಿ, ಆರಿಸಿ ಆರಿಸಿ ಒಂದು ಬುಟ್ಟಿ ಒಳ್ಳೇ ಶೆಟ್ಲಿ, ಎಂದರೆ ಸಿಗಡಿ, ತಂದಿದ್ದರು. ಹುಡುಗನ ತಾಯಿ ನಗುನಗುತ್ತ ಬುಟ್ಟಿ ಇಸಿದುಕೊಂಡವರು ಅದನ್ನು ಒಳಗೆ ಒಯ್ಯದೆ ಹಿತ್ತಲ ಕಡೆಗೆ ಹೋದರು. ತೊಳೆಯಲು ಇರಬೇಕು ಎಂದುಕೊಂಡೆ. ಹುಡುಗನ ತಂದೆಯೂ ಭಾವನೂ ಆಗಲೇ ಡೀಸೆಲ್ಲು, ಬಲೆ, ಮೀನಿಲ್ಲದ ಕಡಲು ಎಂದು ಗಂಟಲು ಬಿಚ್ಚಿದ್ದರು. ಗೋಡೆಗೆ ಒರಗಿ ಹುಡುಗನ ಅಜ್ಜಿ ಕೂತಿದ್ದರು. ತಾಯಿಯ ತಾಯಿ, ಮಗಳ ಮನೆಯಲ್ಲೇ ಇರುವವರು. ಅವರು ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡು ಮೆಲ್ಲಗೆ ಕೇಳಿದರು.

"ಹುಡ್ಗಿದು ಬಳಿ ಯಾವ್ದು ಮಗಾ?"

ಇಷ್ಟು ದಿನ ಅದನ್ನು ನಾವು ಯಾರೂ ಕೇಳಿಯೇ ಇರಲಿಲ್ಲ.

ಬಳಿ ಎಂದರೆ ನಮ್ಮಲ್ಲಿ ತಾಯಿಯಿಂದ ಬರುವ ಕುಲ. ನನ್ನ ತಾಯಿಯ ಬಳಿ ನನಗೆ, ನನ್ನದು ನನ್ನ ಮಗಳಿಗೆ. ಒಂದೇ ಬಳಿಯ ಹುಡುಗ ಹುಡುಗಿ ಎಂದರೆ ಅಣ್ಣ-ತಂಗಿ, ಮದುವೆ ಕೂಡದು. ನಮ್ಮ ಹಿರಿಯರು ಸಂಬಂಧ ನೋಡುತ್ತಿದ್ದದ್ದೇ ಇದರಿಂದ, ಅಡ್ಡಹೆಸರಿನಿಂದ ಅಲ್ಲವೇ ಅಲ್ಲ. ಪ್ರತಿ ಬಳಿಗೂ ಒಂದು ಮರವೋ ಪ್ರಾಣಿಯೋ ಮೀನೋ ಇರುತ್ತದೆ. ಅದನ್ನು ಆ ಬಳಿಯವರು ಕಡಿಯಬಾರದು, ತಿನ್ನಬಾರದು, ಮನೆಯೊಳಗೆ ತರಬಾರದು. ಶಾಲೆ ಕಲಿತು ಆಫೀಸು ಸೇರಿದ ನಮ್ಮಂಥವರು ಇದನ್ನೆಲ್ಲ ಮರೆತು, ಮಾಸ್ತರ ಬರೆದುಕೊಟ್ಟ ಅಡ್ಡಹೆಸರನ್ನೇ ಕುಲವೆಂದು ನಂಬಿಬಿಟ್ಟಿದ್ದೆವು. ಭಾವನಿಗೂ ತಮ್ಮ ಅಜ್ಜನ ಜಗಳ ನೆನಪಿತ್ತು, ಇದು ನೆನಪಿರಲಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಆ ಹೆಂಗಸು ನಾನೇ.

ಸುಳ್ಳು ಹೇಳಲು ಹೊಳೆಯಲೇ ಇಲ್ಲ. "ಶೆಟ್ಲಿ ಬಳಿ" ಎಂದುಬಿಟ್ಟೆ. ನನ್ನ ತಾಯಿ ಸಾಯುವ ತನಕ ಶೆಟ್ಲಿ ಮುಟ್ಟಲಿಲ್ಲ. ನಾನು ಮದುವೆಯಾಗಿ ಬಂದಮೇಲೆ ಗಂಡನ ಮನೆಯಲ್ಲಿ ರುಚಿ ಕಲಿತವಳು.

ಅಜ್ಜಿ ಬಾಗಿಲಲ್ಲಿ ನಿಂತಿದ್ದ ಮೊಮ್ಮಗನನ್ನು ನೋಡಿದರು. ಅವನು ಹೊಸ ಅಂಗಿ ಹಾಕಿಕೊಂಡಿದ್ದ, ಕಾಲರಿನ ಹಿಂದೆ ಅಂಗಡಿಯ ಚೀಟಿ ಹಾಗೇ ಇತ್ತು. ಅವನ ತಂದೆ ಮಾತು ಅರ್ಧಕ್ಕೆ ಬಿಟ್ಟು, ಎಲೆಅಡಿಕೆ ತರುತ್ತೇನೆಂದು ಎದ್ದು ಒಳಗೆ ಹೋದರು. ಭಾವ ಮಾತ್ರ ನಗುತ್ತ, "ಅಬ್ಬೆ, ಈಗೆಲ್ಲ ಬಳಿ ಯಾರು ಕೇಳ್ತಾರೆ" ಎಂದರು.

"ನಾ ಕೇಳ್ತೆ" ಎಂದರು ಅಜ್ಜಿ. ಆಮೇಲೆ ನನ್ನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು, ಎಲ್ಲರಿಗೂ ಕೇಳುವ ಹಾಗೆ, "ಹಂಗಾರೆ ಅಡ್ಡಿಲ್ಲ. ನಮ್ದು ಹೊನ್ನೆ ಬಳಿ" ಎಂದರು.

ನನಗೆ ಹೋದ ಉಸಿರು ಬಂತು. ದಿನ ಗೊತ್ತು ಮಾಡುವ ಮಾತಾಯಿತು. ಊಟಕ್ಕೆ ಬಂಗಡೆ ಸಾರು, ಕಾಣೆ ಹುರಿದದ್ದು. ಭಾವ ಎರಡು ಸಲ ಅನ್ನ ಹಾಕಿಸಿಕೊಂಡು, "ಧಾರೆ ಎರೆಯೂಕೆ ಈಗ ಕೈ ತುರಿಸ್ತದೆ" ಎಂದು ಎಲ್ಲರನ್ನೂ ನಗಿಸಿದರು. ಕೈ ತೊಳೆಯಲು ನಾನು ಹಿತ್ತಲಿಗೆ ಹೋದೆ.

ಅಲ್ಲಿ ಬೇಲಿಯ ಹತ್ತಿರ ಹುಡುಗನ ತಾಯಿ ನಮ್ಮ ಶೆಟ್ಲಿ ಬುಟ್ಟಿಯನ್ನು ಪಕ್ಕದ ಮನೆಯವಳ ಕೈಗೆ ದಾಟಿಸುತ್ತಿದ್ದರು. "ನೀ ತಕಂಡೋಗು ಮಾರಾಯ್ತಿ. ನಮ್ಮನೆ ಒಳ್ಗೆ ತರೂಕಿಲ್ಲ, ಗೊತ್ತಲ್ಲ" ಎಂದವರು ತಿರುಗಿದಾಗ ನಾನು ನಿಂತಿದ್ದೆ.

ಅಜ್ಜಿ ಹೇಳಿದ್ದು ಸುಳ್ಳು. ಇವರೂ ಶೆಟ್ಲಿ ಬಳಿಯವರೇ. ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ಈಗಲೂ ಹೇಳಲಾರೆ. ಒಳಗೆ ಭಾವ ನಗುತ್ತಿದ್ದರು. ಒಂದು ಕಾಗದಕ್ಕಾಗಿ ತಿಂಗಳುಗಟ್ಟಲೆ ಕಾದು, ಕಾಗದ ನೋಡಿ ಒಪ್ಪಿದ ಮನುಷ್ಯ. ಈಗ ಹೋಗಿ ಒಂದು ಮಾತು ಹೇಳಿದರೆ ಊಟದ ಎಲೆಯಿಂದಲೇ ಎದ್ದುಬಿಡುತ್ತಿದ್ದರು. ಮಗಳು ಕುಮಟೆಯಲ್ಲಿ ಫೋನು ಹಿಡಿದು ಕೂತಿದ್ದಳು.

ಹುಡುಗನ ತಾಯಿ ಕೈಯನ್ನು ಸೆರಗಿಗೆ ಒರೆಸಿಕೊಂಡರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ಅಕ್ಕ, ಅಮ್ಮ ಹೇಳಿದ್ದು ಕೇಳಿದ್ರಲ್ಲ?"

"ಕೇಳ್ದೆ."

"ನಾಳೆ ಯಾರಾದ್ರೂ ಹುಡ್ಕೂಕೆ ಹೊಂಟ್ರೆ? ಎಲ್ಲಾದ್ರೂ ಬರ್ದಿರ್ತದಾ ಇದೆಲ್ಲ?"

"ಇಲ್ಲ" ಎಂದೆ. "ಕುಮಟೆ, ಹೊನ್ನಾವರ, ಭಟ್ಕಳ, ಮೂರೂ ಕಡೆ ನಾನೇ ನೋಡ್ಕಂಡು ಬಂದೆ. ನಮ್ಮ ಹೆಂಗಸ್ರ ಬಗ್ಗೆ ಎಲ್ಲೂ ಒಂದಕ್ಷರ ಬರ್ದಿಲ್ಲ."